ಪ್ರತಿದಿನ ಎಂಬ ಒಂದು ಮಾತು: ಓದುಗರ ಪ್ರಶ್ನೆಗಳಿಗೆ ಉತ್ತರ

ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವಳು ನಾನು. ಐದಕ್ಕೆ ಎದ್ದು ಅಡುಗೆ, ಡಬ್ಬಿ, ಮಕ್ಕಳ ಶಾಲೆ ಮುಗಿಸಿ ವ್ಯಾನ್ ಹಿಡಿಯಬೇಕು. ದಿನಕ್ಕೆ ಒಂದು ಗಂಟೆ ಪ್ರಾರ್ಥಿಸದವರು ಶಿಷ್ಯರೇ ಅಲ್ಲ ಎಂದು ಸಭೆಯಲ್ಲಿ ಹೇಳುತ್ತಾರೆ. ನನಗೆ ಯೋಗ್ಯತೆ ಇಲ್ಲವೇ?
— ಓದುಗರು, ಪೀಣ್ಯ

ದಿನಕ್ಕೆ ಇಷ್ಟು ಗಂಟೆ ಎಂಬ ಅಳತೆಯನ್ನು ಯೇಸು ಸ್ವಾಮಿ ಯಾರಿಗೂ ಕೊಡಲಿಲ್ಲ. ಸೆರೆಯಾಗುವ ರಾತ್ರಿ ಗೆತ್ಸೆಮನೆ ತೋಟದಲ್ಲಿ ಶಿಷ್ಯ ಪೇತ್ರನನ್ನು 'ಒಂದು ಗಂಟೆಯಾದರೂ ಎಚ್ಚರವಾಗಿರಲಾರಿರಾ' ಎಂದು ಕೇಳಿದ್ದನ್ನು (ಮತ್ತಾಯ 26:40) ಕೆಲವರು ನಿಯಮ ಮಾಡಿಕೊಂಡಿದ್ದಾರೆ. ಅದು ಆ ಒಂದು ರಾತ್ರಿಯ ಮಾತು. ಅದರ ಮುಂದಿನ ವಚನದಲ್ಲೇ, ಮನಸ್ಸು ಸಿದ್ಧವಾಗಿದ್ದರೂ ದೇಹಕ್ಕೆ ಬಲ ಸಾಲದು ಎಂದು ಆತನೇ ಮರುಗುತ್ತಾನೆ. ಆತನು ಕಲಿಸಿದ ಪ್ರಾರ್ಥನೆಯನ್ನು ನಿಧಾನವಾಗಿ ಹೇಳಿದರೂ ಒಂದು ನಿಮಿಷ ಹಿಡಿಯುವುದಿಲ್ಲ.

ನಿಮಗೆ ಹತ್ತು ನಿಮಿಷ ಸಾಕು. ಆದರೆ ಅದಕ್ಕೆ ತಯಾರಿ ಹಿಂದಿನ ರಾತ್ರಿಯೇ ಆಗಬೇಕು. ಮಲಗುವ ಮುಂಚೆ ಸತ್ಯವೇದವನ್ನು ನಾಳೆಯ ಭಾಗಕ್ಕೆ ತೆರೆದು, ನೀವು ಕೂರುವ ಜಾಗದಲ್ಲೇ ಇಡಿ. ಬೆಳಿಗ್ಗೆ ಎದ್ದು ಏನು ಓದಲಿ ಎಂದು ಹಾಳೆ ತಿರುವುತ್ತಾ ಕೂತರೆ ಇರುವ ಸಮಯ ಅಲ್ಲೇ ಮುಗಿಯುತ್ತದೆ. ಫೋನ್ ಬೇರೆ ಕೋಣೆಯಲ್ಲಿರಲಿ, ಅಲಾರಂಗೆ ಗಡಿಯಾರ ಇಟ್ಟುಕೊಳ್ಳಿ. ವ್ಯಾನಿನಲ್ಲಿ ಕೂತ ಹೊತ್ತಿನಲ್ಲಿ ಒಂದು ಕೀರ್ತನೆ ಬಾಯಿಪಾಠ ಮಾಡಿ. 23ನೆಯ ಕೀರ್ತನೆಯಲ್ಲಿ ಆರೇ ವಚನ; ವಾರಕ್ಕೊಂದರಂತೆ ಆರು ವಾರಕ್ಕೆ ಪೂರ್ತಿ ನಿಮ್ಮದಾಗುತ್ತದೆ. ಒಂದು ದಿನ ತಪ್ಪಿದರೆ ಮರುದಿನ ಎರಡು ದಿನದ್ದು ಓದಬೇಡಿ, ಆ ದಿನದ್ದನ್ನಷ್ಟೇ ಓದಿ. ಬಾಕಿ ತೀರಿಸಲು ಹೊರಟವರೇ ಎರಡನೇ ವಾರಕ್ಕೆ ಕೈಬಿಡುತ್ತಾರೆ.

ಬೆಳಿಗ್ಗೆ ವಾಟ್ಸಾಪಿನಲ್ಲಿ 'ದಿನದ ವಾಗ್ದಾನ' ಬರುತ್ತದೆ. ಅದನ್ನು ಓದಿ ಆಮೆನ್ ಎಂದು ಕಳಿಸುತ್ತೇನೆ. ಆದರೂ ಮನಸ್ಸಿಗೆ ಏನೂ ಅಂಟುವುದಿಲ್ಲ.
— ಓದುಗರು, ಬೀದರ್

ಅಂಟದಿರುವುದಕ್ಕೆ ಕಾರಣವಿದೆ. ಆ ಚಿತ್ರಗಳಲ್ಲಿ ಬಹಳ ಓಡಾಡುವ ಯೆರೆಮೀಯ 29:11ನ್ನೇ ನೋಡಿ. ನಿಮಗೆ ಒಳ್ಳೆಯ ಭವಿಷ್ಯ ಇಟ್ಟಿದ್ದೇನೆ ಎಂಬ ಆ ಮಾತು ಬಾಬೆಲಿಗೆ ಸೆರೆ ಹೋದವರಿಗೆ ಬರೆದ ಪತ್ರದಲ್ಲಿದೆ. ಅದರ ಹಿಂದಿನ ವಚನ ಎಪ್ಪತ್ತು ವರ್ಷ ಕಾಯಬೇಕು ಎನ್ನುತ್ತದೆ. ಐದನೆಯ ವಚನ ಅಲ್ಲೇ ಮನೆ ಕಟ್ಟಿ, ತೋಟ ಮಾಡಿ ಎನ್ನುತ್ತದೆ. ಇದೆಲ್ಲ ತಿಳಿದ ಮೇಲೆ ಆ ವಾಗ್ದಾನದ ತೂಕವೇ ಬೇರೆ. ವರ್ಷಗಟ್ಟಲೆ ಕಾಯುತ್ತಿರುವ ಮನೆಗೆ ಅದು ನಿಜವಾಗಿ ಆತುಕೊಳ್ಳಲು ಸಿಗುವುದು ಆಗಲೇ.

ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. ನಾಲ್ಕರಲ್ಲಿ ಚಿಕ್ಕದು, 16 ಅಧ್ಯಾಯ. ಆದರೆ ದಿನಕ್ಕೆ ಒಂದು ಅಧ್ಯಾಯವೂ ಧ್ಯಾನಕ್ಕೆ ಹೆಚ್ಚಾಯಿತು. ಒಂದು ಘಟನೆ ಸಾಕು, ಹೆಚ್ಚೆಂದರೆ ಹನ್ನೆರಡು ವಚನ. ಬಾಯಿಬಿಟ್ಟು ಎರಡು ಸಲ ಓದಿ. ಮೊದಲ ಸಲ ಯಾರು, ಎಲ್ಲಿ, ಏನಾಯಿತು ಎಂದಷ್ಟೇ ನೋಡಿ. ಎರಡನೇ ಸಲ ಯೇಸು ಆಡಿದ ಮಾತಿನ ಹತ್ತಿರ ನಿಲ್ಲಿ.

ಬಾರ್ತಿಮಾಯನ ಭಾಗ ತೆಗೆದುಕೊಳ್ಳೋಣ, ಮಾರ್ಕ 10:46ರಿಂದ 52. ಯೆರಿಕೋವಿನ ದಾರಿಬದಿಯ ಕುರುಡ ಭಿಕ್ಷುಕ ಕೂಗುತ್ತಾನೆ, ಜನ ಗದರುತ್ತಾರೆ, ಯೇಸು ನಿಲ್ಲುತ್ತಾನೆ. ಅವನು ಹೊದ್ದಿದ್ದ ಬಟ್ಟೆಯನ್ನೇ ಎಸೆದು ಎದ್ದು ಬರುತ್ತಾನೆ. ಯೇಸುವಿನ ಮಾತು: ನಾನು ನಿನಗೆ ಏನು ಮಾಡಬೇಕನ್ನುತ್ತೀ? ಈಗ ಹದಿನೈದು ವಚನ ಹಿಂದಕ್ಕೆ ಹೋಗಿ. 36ನೆಯ ವಚನದಲ್ಲಿ ಶಿಷ್ಯರಾದ ಯಾಕೋಬ ಯೋಹಾನರಿಗೂ ಆತನು ಇದನ್ನೇ ಕೇಳಿದ್ದ. ಜೊತೆಯಲ್ಲೇ ನಡೆದಿದ್ದ ಅವರು ಬಲಗಡೆ ಎಡಗಡೆ ಆಸನ ಕೇಳಿದರು. ಕುರುಡ ಕಣ್ಣು ಕೇಳಿದ, ಕಣ್ಣು ಬಂದೊಡನೆ ಅದೇ ದಾರಿಯಲ್ಲಿ ಹಿಂಬಾಲಿಸಿದ. ಆ ದಾರಿ ಹೋಗುವುದು ಯೆರೂಸಲೇಮಿಗೆ, ಶಿಲುಬೆಗೆ.

ಇವತ್ತು ಇದೇ ಪ್ರಶ್ನೆ ನಿಮಗೆ ಬಂದರೆ ಏನು ಕೇಳುತ್ತೀರಿ? ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಬರೆಯಿರಿ. ಅದರ ಕೆಳಗೆ ಸಂಜೆಯೊಳಗೆ ಮಾಡಬಹುದಾದ ಒಂದು ಕೆಲಸ. 'ಹೆಚ್ಚು ಪ್ರೀತಿಸುತ್ತೇನೆ' ಎಂದು ಬರೆದರೆ ಸಂಜೆಗೆ ಪರೀಕ್ಷಿಸಲು ಏನೂ ಉಳಿಯುವುದಿಲ್ಲ. 'ಪಕ್ಕದ ಮನೆಯ ಅಜ್ಜಿಗೆ ಔಷಧಿ ತಂದುಕೊಡುತ್ತೇನೆ' ಎಂದು ಬರೆಯಿರಿ. ರಾತ್ರಿ ಆಯಿತೋ ಇಲ್ಲವೋ ಗುರುತು ಹಾಕಿ. ವಾಟ್ಸಾಪ್ ಚಿತ್ರವನ್ನು ಅದಾದ ಮೇಲೆ ನೋಡಬಹುದು.

ಕುಟುಂಬ ಪ್ರಾರ್ಥನೆಯಲ್ಲಿ ಮಕ್ಕಳು ನಿದ್ದೆ ಮಾಡುತ್ತಾರೆ.
— ಓದುಗರು, ಗದಗ

ಊಟ ಆದ ಮೇಲೆ ಕೂರಿಸಿದರೆ ದೊಡ್ಡವರೂ ತೂಕಡಿಸುತ್ತಾರೆ. ಊಟಕ್ಕೆ ಮುಂಚೆ ಇಟ್ಟುಕೊಳ್ಳಿ, ಹತ್ತು ನಿಮಿಷ ಮೀರದಿರಲಿ. ಒಂದು ಹಾಡಿನ ಎರಡು ಚರಣ, ಎಂಟು ಹತ್ತು ವಚನ, ಆಮೇಲೆ ಪ್ರತಿಯೊಬ್ಬರದೂ ಒಂದೊಂದು ವಾಕ್ಯದ ಪ್ರಾರ್ಥನೆ. ಓದುವ ಸರದಿ ಮಕ್ಕಳಿಗೂ ಬರಲಿ. ಮಗುವಿನ ಆ ದಿನದ ತಪ್ಪನ್ನು ಪ್ರಾರ್ಥನೆಯಲ್ಲಿ ಎಲ್ಲರೆದುರು ಎತ್ತಬೇಡಿ. ಆ ಅವಮಾನ ಬಹಳ ವರ್ಷ ಉಳಿಯುತ್ತದೆ.

ಗಂಡ ಕುಡಿದು ಹೊಡೆಯುತ್ತಾರೆ. 'ಇದು ನಿನ್ನ ಶಿಲುಬೆ, ಹೊತ್ತುಕೋ' ಎಂದು ಸಭೆಯ ಹಿರಿಯರು ಹೇಳಿದರು.
— ಊರಿನ ಹೆಸರು ಬೇಡ ಎಂದಿದ್ದಾರೆ

ಅಮ್ಮಾ, ಅದು ಶಿಲುಬೆ ಅಲ್ಲ. ತನ್ನ ಶಿಲುಬೆಯನ್ನು ಹೊತ್ತುಕೊಂಡು ನನ್ನ ಹಿಂದೆ ಬರಲಿ ಎಂಬ ಯೇಸುವಿನ ಮಾತು ಮೂರು ಸುವಾರ್ತೆಗಳಲ್ಲಿದೆ. 'ಪ್ರತಿದಿನ' ಎಂಬ ಪದ ಲೂಕ 9:23ರಲ್ಲಿ ಮಾತ್ರ ಇದೆ. ಆತನ ನಿಮಿತ್ತವಾಗಿ, ಆತನ ಹಿಂದೆ ಹೋಗುವವರು ತಾವಾಗಿ ಎತ್ತಿಕೊಳ್ಳುವ ಭಾರ ಅದು. ಇನ್ನೊಬ್ಬರು ಕುಡಿದು ಬಂದು ನಿಮ್ಮ ಮೈಮೇಲೆ ಹಾಕುವ ಏಟಿಗೆ ಆ ಹೆಸರು ಕೊಡಲು ಯಾವ ಹಿರಿಯರಿಗೂ ಅಧಿಕಾರವಿಲ್ಲ. ಜನ ಕಲ್ಲೆತ್ತಿದಾಗ ಯೇಸು ತಪ್ಪಿಸಿಕೊಂಡು ಹೊರಟುಹೋದನು (ಯೋಹಾನ 8:59). ದಮಸ್ಕದಲ್ಲಿ ಕೊಲ್ಲಲು ಕಾದಿದ್ದವರಿಂದ ಅಪೊಸ್ತಲ ಪೌಲನನ್ನು ಬುಟ್ಟಿಯಲ್ಲಿ ಗೋಡೆಯಿಂದ ಇಳಿಸಿ ಉಳಿಸಿದರು. ಕೊರಡೆ ಏಟಿಗೆ ಕಟ್ಟಿದಾಗ ಪೌಲ ರೋಮನ್ ಕಾನೂನನ್ನು ಎತ್ತಿ ಮಾತಾಡಿದ (ಅಪೊಸ್ತಲರ ಕೃತ್ಯಗಳು 22:25). ನೀವೂ ಕಾನೂನಿನ ನೆರವು ಪಡೆಯಬಹುದು.

ಹೊಡೆತ ಬೀಳುವ ಹೊತ್ತಿಗೆ ತುರ್ತು ಸಂಖ್ಯೆ 112, ಸಲಹೆ ಮತ್ತು ನೆರವಿಗೆ ಮಹಿಳಾ ಸಹಾಯವಾಣಿ 181. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ರಕ್ಷಣಾ ಆದೇಶ ಕೇಳಬಹುದು, ಗಂಡನ ಮನೆಯಲ್ಲೇ ಇರುವ ಹಕ್ಕೂ ನಿಮಗಿದೆ. ಗಾಯವಾದರೆ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಹೇಗಾಯಿತು ಎಂದು ನಿಜವನ್ನೇ ಬರೆಸಿ. 'ಜಾರಿ ಬಿದ್ದೆ' ಎಂದು ಬರೆಸಿದರೆ ಮುಂದೆ ಅದೇ ಅಡ್ಡ ಬರುತ್ತದೆ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ದಾಖಲೆಗಳ ಪ್ರತಿಯನ್ನು ನಂಬಿಕಸ್ಥರ ಮನೆಯಲ್ಲಿಡಿ. ಗಂಡನಿಗಾಗಿ ಪ್ರಾರ್ಥಿಸುವುದನ್ನು ಸುರಕ್ಷಿತವಾದ ಇನ್ನೊಂದು ಮನೆಯಿಂದಲೂ ಮಾಡಬಹುದು.

ಅಪ್ಪನ ಜಮೀನಿನ ಪಾಲಿನಲ್ಲಿ ಅಣ್ಣ ಮೋಸ ಮಾಡಿದ. ಎಂಟು ವರ್ಷದಿಂದ ಮಾತಿಲ್ಲ. ಕ್ಷಮಿಸಿದರೆ ಜಮೀನು ಬಿಟ್ಟುಕೊಟ್ಟಂತೆಯೇ?
— ಓದುಗರು, ಕೊಳ್ಳೇಗಾಲ

ಅಲ್ಲ. ಕ್ಷಮಿಸುವುದೆಂದರೆ ಸೇಡನ್ನು ಕೆಳಗಿಡುವುದು. ಪಾಲಿನ ಲೆಕ್ಕವನ್ನು ಪಹಣಿ, ಸರ್ವೆ, ನೋಂದಾಯಿತ ಪಾಲುಪತ್ರದ ಮೂಲಕ ಸರಿಮಾಡಿಕೊಳ್ಳಲು ಅಡ್ಡಿಯಿಲ್ಲ.

ನಿಮಗಾದ ನಷ್ಟ ಸಣ್ಣದೆಂದು ಯೇಸು ಹೇಳುವುದಿಲ್ಲ. ಮತ್ತಾಯ 18ರ ಸಾಮ್ಯದ ಕಥೆಯಲ್ಲಿ, ರಾಜನಿಂದ ತನ್ನ ಸಾಲ ಮನ್ನಾ ಆದ ಸೇವಕನೊಬ್ಬ ಜೊತೆಯಾಳಿನ ಸಾಲವನ್ನು ಬಿಡುವುದಿಲ್ಲ. ಆ ಜೊತೆಯಾಳು ಕೊಡಬೇಕಾಗಿದ್ದದ್ದು ನೂರು ದಿನಾರಿ. ಒಂದು ದಿನಾರಿ ಒಂದು ದಿನದ ಕೂಲಿ, ಅಂದರೆ ಮೂರು ತಿಂಗಳಿಗೂ ಮೀರಿದ ದುಡಿಮೆ. ಅದು ನಿಜವಾದ ಸಾಲ. ಆದರೆ ಆ ಸೇವಕನಿಗೆ ರಾಜ ಬಿಟ್ಟದ್ದು ಹತ್ತು ಸಾವಿರ ತಲಾಂತು. ತಲಾಂತಿಗೆ ಆರು ಸಾವಿರ ದಿನಾರಿಯಂತೆ ಆರು ಕೋಟಿ ದಿನದ ಕೂಲಿ. ಇವೆರಡನ್ನೂ ಒಂದು ಹಾಳೆಯಲ್ಲಿ ಮೇಲೆ ಕೆಳಗೆ ಬರೆದು ಒಂದು ವಾರ ಅದರ ಮುಂದೆ ಪ್ರಾರ್ಥಿಸಿ.

ಆಮೇಲೆ ಹೋಗಿ. ಅದೇ ಅಧ್ಯಾಯದ 15ನೆಯ ವಚನ ಇಬ್ಬರೇ ಇರುವಾಗ ಮಾತಾಡು ಎನ್ನುತ್ತದೆ. ಕ್ರಿಸ್ಮಸ್ ದಿನ, ನೆಂಟರ ನಡುವೆ ಬೇಡ. ಎಲ್ಲರ ಮುಂದೆ ಇಬ್ಬರಿಗೂ ಸೋಲಲಾಗುವುದಿಲ್ಲ. ಮೊದಲ ಭೇಟಿಯಲ್ಲಿ ಕಾಗದಪತ್ರ ಒಯ್ಯಬೇಡಿ. 'ನಿನ್ನನ್ನು ಕ್ಷಮಿಸಿದ್ದೇನೆ' ಎಂದು ಬಾಗಿಲಲ್ಲೇ ಹೇಳಿದರೆ ಅವರಿಗೆ ಅದು ಆರೋಪವಾಗಿ ಕೇಳುತ್ತದೆ. ಈ ಎಂಟು ವರ್ಷದಲ್ಲಿ ನೀವು ಆಡಿದ ಒಂದು ಕೆಟ್ಟ ಮಾತನ್ನು ಹೆಸರಿಸಿ, 'ಅದು ನನ್ನ ತಪ್ಪು ಅಣ್ಣಾ' ಎನ್ನಿ. ಅತ್ತಿಗೆ ಕಾಫಿ ಕೊಟ್ಟರೆ ಕುಡಿದು ಬನ್ನಿ. ಬಾಗಿಲು ತೆರೆಯದಿದ್ದರೆ ಊರೆಲ್ಲ ಹೇಳಿಕೊಂಡು ತಿರುಗದೆ ಮನೆಗೆ ಬನ್ನಿ, ಮುಂದಿನ ತಿಂಗಳು ಮತ್ತೆ ಹೋಗಿ.