ಗೋಳುಹೊಯ್ದುಕೊಳ್ಳುವುದಕ್ಕೆ ತೂಕವಿಲ್ಲವೇ?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: ‘ಏಳನೆಯ ತರಗತಿಯಲ್ಲಿ ಓದುವ ನನ್ನ ಮಗನನ್ನು ಇಬ್ಬರು ಹುಡುಗರು ಒಂದು ತಿಂಗಳಿನಿಂದ ಗೋಳುಹೊಯ್ದುಕೊಳ್ಳುತ್ತಿದ್ದಾರೆ. ಹಾಗೆಂದೇ ಶಾಲೆಗೆ ದೂರು ಬರೆದುಕೊಟ್ಟೆ. ಅದನ್ನು ಓದಿದ ಶಿಕ್ಷಕಿಯವರು, ಇದು ಮನೆಮಾತಿನಂತಿದೆ, ಬುಲಿಯಿಂಗ್ ಎಂದು ಬರೆದರೆ ತೂಕ ಬರುತ್ತದೆ ಎಂದರು. ನಾನು ಐದು ಸಾಲುಗಳನ್ನು ಹೊಡೆದುಹಾಕಿ ಆ ಒಂದು ಪದ ಬರೆದೆ. ಅದರ ನಿಜವಾದ ಅರ್ಥವೇನು? ಕನ್ನಡದಲ್ಲಿ ಸರಿಸಮನಾದ ಪದವಿಲ್ಲದಿದ್ದರೆ ಅದನ್ನೇ ನಮ್ಮದಾಗಿಸಿಕೊಳ್ಳಬಾರದೇಕೆ?’

ಸಂಪಾದಕರ ಉತ್ತರ:

ಸೋದರಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಗನ ಸಂಕಟದ ನಡುವೆಯೂ ಪದದ ಅರ್ಥವನ್ನು ಕೇಳಬೇಕೆನ್ನಿಸಿದ ನಿಮ್ಮ ಮನಸ್ಸಿನ ಮೇಲೆ ಗೌರವ ಮೂಡಿತು. ಆದರೆ ಆ ಐದು ಸಾಲುಗಳನ್ನು ನೀವು ಹೊಡೆದುಹಾಕಬಾರದಿತ್ತು. ಹಿರಿಯನೆಂಬ ಸಲಿಗೆಯಿಂದ ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ.

ಶಿಕ್ಷಕಿಯವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಇಂದು ಆ ಇಂಗ್ಲಿಷ್ ಪದದ ಬೆನ್ನಿಗೆ ಅರ್ಧ ಶತಮಾನದ ಅಧ್ಯಯನವಿದೆ. 1969ರಲ್ಲಿ ಸ್ವೀಡನ್ನಿನ ವೈದ್ಯ ಪೀಟರ್ ಪಾಲ್ ಹೈನೆಮಾನ್ ಮಕ್ಕಳು ಗುಂಪುಗೂಡಿ ಒಬ್ಬನ ಮೇಲೆ ಎರಗುವುದರ ಬಗ್ಗೆ ಬರೆದಾಗ, ಪ್ರಾಣಿಪಕ್ಷಿಗಳ ನಡವಳಿಕೆಯ ಶಾಸ್ತ್ರದಿಂದ ‘ಮಾಬಿಂಗ್’ ಎಂಬ ಮಾತನ್ನು ಎರವಲು ತರಬೇಕಾಯಿತು. ಅದೇ ಸ್ವೀಡನ್ನಿನಲ್ಲಿ ಹುಟ್ಟಿ ನಾರ್ವೆಯಲ್ಲಿ ನೆಲೆಸಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೆಯಸ್ ಇದನ್ನು ಶಾಲೆಶಾಲೆಗಳಲ್ಲಿ ಅಳೆದು ನೋಡಿದರು. ಉತ್ತರ ನಾರ್ವೆಯಲ್ಲಿ ಮೂವರು ಹುಡುಗರು ಪ್ರಾಣ ಕಳೆದುಕೊಂಡ ಮೇಲೆ, 1983ರಲ್ಲಿ ಆ ದೇಶ ರಾಷ್ಟ್ರವ್ಯಾಪಿ ಆಂದೋಲನವನ್ನೇ ಆರಂಭಿಸಿತು. ಬೇಕೆಂದೇ ನೋಯಿಸುವುದು, ಮತ್ತೆ ಮತ್ತೆ ನೋಯಿಸುವುದು, ತಿರುಗಿ ನಿಲ್ಲಲಾಗದವರನ್ನೇ ನೋಯಿಸುವುದು, ಈ ಮೂರೂ ಸೇರಿದಾಗ ಮಾತ್ರ ಬುಲಿಯಿಂಗ್ ಎನ್ನಬೇಕೆಂದು ಓಲ್ವೆಯಸ್ ಗೆರೆ ಎಳೆದರು. ನಮ್ಮ ಸಿಬಿಎಸ್‌ಇ ಮಂಡಳಿಯೂ 2015ರಲ್ಲಿ ಅದೇ ಪದವನ್ನಿಟ್ಟುಕೊಂಡು ಶಾಲೆಗಳಿಗೆ ಸೂಚನೆ ಕಳಿಸಿತು. ಇಷ್ಟನ್ನು ಒಪ್ಪುತ್ತೇನೆ.

ಆದರೆ ಆ ಪದಕ್ಕೆ ಈ ತೂಕ ಹುಟ್ಟಿನಿಂದ ಬಂದದ್ದಲ್ಲ. ಹದಿನಾರನೆಯ ಶತಮಾನದಲ್ಲಿ ಅದರ ಮೂಲರೂಪವಾದ ‘ಬುಲಿ’ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ನಲ್ಲ, ನಲ್ಲೆ ಎಂದಿತ್ತು. ಡಚ್ಚರ ‘ಬೂಲ್’ ಎಂಬ ಪ್ರೀತಿಯ ಮಾತೇ ಅದರ ಮೂಲವೆಂದು ಪಂಡಿತರು ಊಹಿಸುತ್ತಾರೆ. ಷೇಕ್ಸ್‌ಪಿಯರನ ನಾಟಕದಲ್ಲಿ ನೇಕಾರ ಬಾಟಮ್‌ನನ್ನು ಗೆಳೆಯರು ‘ಬುಲಿ ಬಾಟಮ್’ ಎಂದು ಕರೆಯುವುದು ಅಕ್ಕರೆಯಿಂದ. ಮುಂದಿನ ಶತಮಾನದಲ್ಲಿ ಅದು ಜಂಬದ ಪುಂಡನಿಗೆ ಅಂಟಿಕೊಂಡಿತು, ಆಮೇಲೆ ಬಡಪಾಯಿಗಳನ್ನು ಪೀಡಿಸುವವನಿಗೆ. ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ತಮ್ಮ ಹುದ್ದೆಯನ್ನು ‘ಬುಲಿ ಪಲ್ಪಿಟ್’ ಎಂದು ಬಣ್ಣಿಸಿದಾಗ ಅವರ ಮನಸ್ಸಿನಲ್ಲಿದ್ದದ್ದು ‘ಸೊಗಸಾದ ವೇದಿಕೆ’ ಎಂಬ ಅರ್ಥ. ಇದನ್ನು ತಿಳಿಯದ ಅನುವಾದವೊಂದು ‘ದಬ್ಬಾಳಿಕೆಯ ಪೀಠ’ ಎಂದಾಗಿ ನಮ್ಮ ಕಚೇರಿಗೇ ಬಂದಿತ್ತು.

ಈಗ ನೀವು ಹೊಡೆದುಹಾಕಿದ ಮಾತಿಗೆ ಬರುತ್ತೇನೆ. ‘ಗೋಳುಹೊಯ್ದುಕೊಳ್ಳು’ ಎಂಬುದನ್ನು ಬಿಡಿಸಿ ನೋಡಿ. ಗೋಳು ನೋವುಂಡವನದು. ಕೊನೆಯಲ್ಲಿರುವ ‘ಕೊಳ್ಳು’ ಮಾತ್ರ ನೋಯಿಸುವವನದು, ಏಕೆಂದರೆ ಯಾವುದೇ ಕೆಲಸದ ಫಲ ಮಾಡಿದವನಿಗೇ ಸೇರುತ್ತದೆಂದು ತೋರಿಸಲು ಕನ್ನಡ ಬಳಸುವ ಕ್ರಿಯಾಪದ ಅದು. ಹುಯ್ಯಲು ಒಬ್ಬನದು, ಅದರ ಸುಖ ಇನ್ನೊಬ್ಬನದು ಎಂಬ ಕ್ರೌರ್ಯವನ್ನು ಒಂದೇ ಪದದೊಳಗೆ ಹೀಗೆ ಹಿಡಿದಿಟ್ಟ ಭಾಷೆಗೆ ತೂಕವಿಲ್ಲವೆಂದರೆ ನಾನು ಹೇಗೆ ಒಪ್ಪಲಿ? ‘ಕಾಟ’ ಎಂಬ ಪುಟ್ಟ ಪದವನ್ನು ತೆಗೆದುಕೊಳ್ಳಿ. ಒಂದು ದಿನ ಹೊಡೆದರೆ ಅದು ಏಟು. ದಿನ ಬೆಳಗಾದರೆ ಬಂದು ಹೊಡೆದರೆ ಅದು ಕಾಟ. ಮತ್ತೆ ಮತ್ತೆ ಎಂಬ ನಿಯಮ ಪದದೊಳಗೇ ಇದೆ. ಆ ಕಾಟ ಹುಟ್ಟಿದ್ದು ‘ಕಾಡು’ ಎಂಬ ಕ್ರಿಯೆಯಿಂದ. ಹಗಲು ಶಾಲೆಯಲ್ಲಿ ಹುಡುಗರು ಕಾಡುತ್ತಾರೆ, ರಾತ್ರಿ ಹಾಸಿಗೆಯಲ್ಲಿ ಅದೇ ನೆನಪು ಕಾಡುತ್ತದೆ. ಎರಡಕ್ಕೂ ನಮ್ಮಲ್ಲಿ ಒಂದೇ ಮಾತು. ನಿಮ್ಮ ಮಗ ಎರಡನ್ನೂ ಅನುಭವಿಸುತ್ತಿದ್ದಾನೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಇಲ್ಲಿ ಎಚ್ಚರದ ಮಾತೊಂದಿದೆ. ಕೆಲವರು ಬುಲಿಯಿಂಗ್‌ಗೆ ‘ಮೂದಲಿಕೆ’ ಎಂದು ಬರೆಯುತ್ತಾರೆ. ಅದು ಸಲ್ಲದು. ರನ್ನನ ಗದಾಯುದ್ಧದಲ್ಲಿ ಭೀಮ ಸರೋವರದ ದಡದಲ್ಲಿ ನಿಂತು ದುರ್ಯೋಧನನನ್ನು ಮೂದಲಿಸುತ್ತಾನೆ. ಅದನ್ನು ಕೇಳಿ ದುರ್ಯೋಧನ ನೀರೊಳಗಿದ್ದೂ ಬೆವರುತ್ತಾನೆ, ಎದ್ದು ಬಂದು ಗದೆ ಹಿಡಿಯುತ್ತಾನೆ. ಮೂದಲೆ ಸಮಬಲರ ನಡುವಿನ ಮಾತು. ಎದ್ದು ಬರಲಾಗದ ಹುಡುಗನ ಮೇಲೆ ನಡೆಯುವುದು ಕಾಟವೇ.

ಕಳೆದ ವರ್ಷ ನಮ್ಮ ಉಪಸಂಪಾದಕಿಯೊಬ್ಬರು ‘ಎಂಟನೆಯ ತರಗತಿ ವಿದ್ಯಾರ್ಥಿಯ ಮೇಲೆ ಬುಲಿಯಿಂಗ್’ ಎಂಬ ಬರಹವನ್ನು ನನ್ನ ಮೇಜಿಗೆ ತಂದರು. ಆ ಹುಡುಗನಿಗೆ ಏನು ಮಾಡಿದರು ಎಂದು ಕೇಳಿದೆ. ಅವರಿಗೆ ತಿಳಿದಿರಲಿಲ್ಲ, ಬರೆದವರನ್ನು ಫೋನಿನಲ್ಲಿ ಕೇಳಿದರೆ ಅವರಿಗೂ ಸ್ಪಷ್ಟವಿರಲಿಲ್ಲ. ಸಂಜೆಯ ಹೊತ್ತಿಗೆ ವಿವರ ಬಂತು: ಊಟದ ಡಬ್ಬಿಯನ್ನು ಚರಂಡಿಗೆ ಸುರಿಯುತ್ತಿದ್ದರು, ತೊದಲುವ ಅವನ ಮಾತನ್ನು ಬಸ್ಸಿನಲ್ಲಿ ಎಲ್ಲರೆದುರು ಅಣಕಿಸುತ್ತಿದ್ದರು, ಹೇಳಿದರೆ ತಂಗಿಯನ್ನು ಹೊಡೆಯುವುದಾಗಿ ಹೆದರಿಸಿದ್ದರು. ಸುರಿಯುವುದು, ಅಣಕಿಸುವುದು, ಹೆದರಿಸುವುದು ಬೇರೆ ಬೇರೆ ಅಪರಾಧಗಳು, ಪರಿಹಾರವೂ ಬೇರೆ ಬೇರೆ. ಇಂಗ್ಲಿಷ್ ಪದವೊಂದು ಮೂರನ್ನೂ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿತ್ತು. ಅಂದು ನಾನು ಆ ಶೀರ್ಷಿಕೆಯನ್ನು ಅಚ್ಚಿಗೆ ಬಿಡಲಿಲ್ಲ.

ಕಾನೂನು ಕೂಡ ಗಂಭೀರವಾಗಿ ಮಾತನಾಡಬೇಕಾದಾಗ ಹೀಗೆಯೇ ಮಾಡುತ್ತದೆ. ವಿಶ್ವವಿದ್ಯಾಲಯಗಳ ಅನುದಾನ ಆಯೋಗವಾದ ಯುಜಿಸಿ 2009ರಲ್ಲಿ ರ‍್ಯಾಗಿಂಗ್ ವಿರುದ್ಧ ನಿಯಮ ರೂಪಿಸಿದಾಗ ಆ ಪದವನ್ನಷ್ಟೇ ಬರೆದು ಸುಮ್ಮನಾಗಲಿಲ್ಲ. ಕೀಟಲೆ ಮಾಡುವುದು, ತಮ್ಮ ಓದುಬರಹದ ಕೆಲಸವನ್ನು ಕಿರಿಯರಿಂದ ಮಾಡಿಸಿಕೊಳ್ಳುವುದು, ಹಣ ಕೀಳುವುದು ಎಂದು ಒಂದೊಂದು ಕೃತ್ಯವನ್ನೂ ಬಿಡಿಸಿ ಹೇಳಿತು. ಹಾಗಿರುವಾಗ ನಮ್ಮ ಶಾಲೆಗಳಿಗೇಕೆ ತಾಯಿಯೊಬ್ಬಳ ಬಿಡಿಸಿ ಹೇಳಿದ ದೂರು ಹಗುರವೆನಿಸುತ್ತದೆ? ಮನೆಯ ಭಾಷೆಯಲ್ಲಿ ಹೇಳಿದ ನೋವು ಚಾಡಿಯಂತೆ ಕೇಳಿಸುತ್ತದೆ, ಇಂಗ್ಲಿಷಿನಲ್ಲಿ ಹೇಳಿದರೆ ಸಮಸ್ಯೆಯಾಗುತ್ತದೆ. ಇದು ನನ್ನನ್ನು ವರ್ಷಗಳಿಂದ ಕೊರೆಯುತ್ತಿದೆ. ಬೀದಿಯಲ್ಲಿ ಹೆಣ್ಣುಮಕ್ಕಳನ್ನು ಅಡ್ಡಗಟ್ಟಿ ಮೈಮುಟ್ಟುವುದನ್ನು ದಶಕಗಳ ಕಾಲ ‘ಈವ್ ಟೀಸಿಂಗ್’ ಎಂದು ಬರೆದು, ಹಲ್ಲೆಗೆ ತಮಾಷೆಯ ಬಣ್ಣ ಬಳಿದವರು ನಾವು ಪತ್ರಿಕೆಯವರೇ. ಸುತ್ತೋಲೆಗಳನ್ನು ಕನ್ನಡಕ್ಕೆ ತರುವವರು ‘ಬೆದರಿಸುವಿಕೆ’ ಎಂಬ ಒಣಪದವನ್ನಿಟ್ಟು ಕೈತೊಳೆದುಕೊಳ್ಳುತ್ತಾರೆ. ಬೆದರಿಸದೆ, ಹೊಡೆಯದೆ, ಯಾರೂ ಮಾತನಾಡಿಸದಂತೆ ಮಾಡಿ ಒಬ್ಬ ಹುಡುಗಿಯನ್ನು ವರ್ಷವಿಡೀ ಒಂಟಿಯಾಗಿಸುವುದು ಆ ಪದದೊಳಗೆ ಎಲ್ಲಿ ಬರುತ್ತದೆ? ಮಗು ‘ನನಗೆ ಬೆದರಿಸುವಿಕೆ ಆಯಿತು’ ಎಂದು ಯಾವ ಊರಿನಲ್ಲಿ ಹೇಳುತ್ತದೆ? ‘ಟೀಚರ್, ಇವನು ಕಾಟ ಕೊಡ್ತಾನೆ’ ಎಂದು ಅದು ಹೇಳುತ್ತಲೇ ಇದೆ.

ಇನ್ನು ‘ಬುಲಿ’ ಎಂದು ಹುಡುಗನೊಬ್ಬನಿಗೆ ಹೆಸರಿಡುವುದಂತೂ ನನಗೆ ಹಿಡಿಸದು. ಕಾಡಿದವನು ಕಾಡುವುದನ್ನು ಬಿಡಬಹುದು. ಹನ್ನೆರಡರ ವಯಸ್ಸಿಗೆ ಅಂಟಿದ ಹೆಸರು ಸುಲಭವಾಗಿ ಬಿಡುವುದಿಲ್ಲ. ಅವನೇನಾಗಿದ್ದಾನೆ ಎನ್ನುವುದಕ್ಕಿಂತ ಅವನೇನು ಮಾಡಿದ ಎನ್ನುವುದನ್ನು ಕನ್ನಡ ಹೆಚ್ಚು ಚೆನ್ನಾಗಿ ಹೇಳಬಲ್ಲದು.

ಆದ್ದರಿಂದ ಸೋದರಿ, ದೂರನ್ನು ಇನ್ನೊಮ್ಮೆ ಬರೆಯಿರಿ. ‘ವಿಷಯ’ ಎಂಬ ಕಡೆ ಶಿಕ್ಷಕಿಯವರು ಹೇಳಿದಂತೆ ಬುಲಿಯಿಂಗ್ ಎಂದೇ ಇರಲಿ, ಕಡತ ಅದರಿಂದ ಮುಂದೆ ಸಾಗುವುದಾದರೆ ಸಾಗಲಿ. ಅದರ ಕೆಳಗೆ ನೀವು ಹೊಡೆದುಹಾಕಿದ ಐದು ಸಾಲುಗಳನ್ನೂ ಮರಳಿ ಬರೆದು, ದಿನಾಂಕ ಹಾಕಿ, ಒಂದು ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.