ಸಂಪಾದಕರ ಉತ್ತರ: ಗ್ಯಾಲರಿ ತುಂಬಿದೆ ಎಂದರೆ ದರ ಸರಿಯಿದೆ ಎಂದೇ?

ಮಾನ್ಯ ಓದುಗರೇ,

ವೃತ್ತಿಪರ ಫುಟ್‌ಬಾಲ್‌ನ ಟಿಕೆಟ್ ದರಗಳು ಅತಿಯಾಗಿವೆ ಎಂದು ಕಳೆದ ಸಂಚಿಕೆಯಲ್ಲಿ ನಾವು ಬರೆದ ಟಿಪ್ಪಣಿಯನ್ನು ಒಪ್ಪದೆ ತಾವು ಬರೆದ ಪತ್ರ ತಲುಪಿದೆ. ತಮ್ಮ ವಾದ ಸ್ಪಷ್ಟವಾಗಿದೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ದರ ಎಷ್ಟೇ ಏರಿದರೂ ಕ್ರೀಡಾಂಗಣಗಳು ತುಂಬಿಯೇ ಇವೆ, ತುಂಬಿರುವ ತನಕ ದರ ಹೆಚ್ಚಾಯಿತೆಂದು ಹೇಳಲು ಆಧಾರವಿಲ್ಲ, ಖಾಲಿಯಾದ ದಿನ ಕ್ಲಬ್‌ಗಳು ತಾವಾಗಿಯೇ ಇಳಿಸುತ್ತವೆ ಎಂದಿದ್ದೀರಿ. ಕೊನೆಗೆ, ದರ ಸರಿಯೋ ತಪ್ಪೋ ಎಂದು ಅಳೆಯಲು ನಮ್ಮ ಬಳಿ ಬೇರೆ ಯಾವ ಅಳತೆಗೋಲಿದೆ ಎಂದು ಕೇಳಿದ್ದೀರಿ. ಈ ಪ್ರಶ್ನೆಗೆ ನಮ್ಮ ಟಿಪ್ಪಣಿಯಲ್ಲಿ ಉತ್ತರವಿರಲಿಲ್ಲ. ಆ ಕೊರತೆ ನಮ್ಮದೇ ಆದ್ದರಿಂದ ಈಗ ಸ್ವಲ್ಪ ದೀರ್ಘವಾಗಿ ಬರೆಯುತ್ತಿದ್ದೇನೆ.

ತಾವು ಹೇಳಿದ್ದರಲ್ಲಿ ಸರಿಯಿರುವುದನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಮ್ಯಾಂಚೆಸ್ಟರ್ ಯುನೈಟೆಡ್‌ನ ಓಲ್ಡ್ ಟ್ರಾಫರ್ಡ್‌ನಲ್ಲಿ ಸುಮಾರು 74,000 ಆಸನಗಳಿದ್ದರೂ ಟಿಕೆಟ್ ಸಿಗದವರಿದ್ದಾರೆ. ಹೊಸ ಗ್ಯಾಲರಿ ಕಟ್ಟುವುದು ವರ್ಷಗಟ್ಟಲೆ ಹಿಡಿಯುವ ಕೆಲಸ. ಹೀಗಿರುವಾಗ ದರ ಏರುವುದು ಸಹಜವೆಂದು ಯಾರಿಗಾದರೂ ತೋರುತ್ತದೆ. ಆದರೆ ಅರ್ಥಶಾಸ್ತ್ರಜ್ಞರನ್ನು ದಶಕಗಳಿಂದ ಕಾಡಿರುವ ಒಂದು ಸಂಗತಿ ಇಲ್ಲಿದೆ. ಟಿಕೆಟ್ ಮಾರಾಟದಿಂದ ಬರುವ ಗೇಟ್ ಹಣವನ್ನು ಗರಿಷ್ಠ ಮಟ್ಟಕ್ಕೆ ಒಯ್ಯಬಲ್ಲ ದರಕ್ಕಿಂತ ಕಡಿಮೆ ದರವನ್ನೇ ಕ್ಲಬ್‌ಗಳು ಇಡುತ್ತಿರುವುದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ. ಲಾಭವನ್ನೇ ಗಮನಿಸುವ ಮಾಲೀಕರೂ ಕೈಗೆ ಬರುವ ಹಣವನ್ನು ಏಕೆ ಬಿಡುತ್ತಾರೆ? ಒಳಗೆ ಬಂದವರು ತಿಂಡಿಗೂ ಜೆರ್ಸಿಗೂ ಖರ್ಚು ಮಾಡುತ್ತಾರೆ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವೆಂದರೆ, ಕ್ಲಬ್ ಮಾರುತ್ತಿರುವ ಸರಕಿನಲ್ಲಿ ಪ್ರೇಕ್ಷಕನೂ ಒಂದು ಭಾಗ.

ಇದು ಅಲಂಕಾರದ ಮಾತಲ್ಲ. 2020ರ ಮೇ ತಿಂಗಳಲ್ಲಿ ಜರ್ಮನಿಯ ಅಗ್ರ ಲೀಗ್ ಬುಂಡೆಸ್‌ಲೀಗಾ ಖಾಲಿ ಕ್ರೀಡಾಂಗಣಗಳಲ್ಲಿ ಮತ್ತೆ ಆರಂಭವಾದಾಗ, ಆಟಗಾರರೂ ನಿಯಮಗಳೂ ಹಿಂದಿನವೇ ಆಗಿದ್ದರೂ, ಮನೆಯಲ್ಲಿ ಕುಳಿತು ನೋಡುತ್ತಿದ್ದವರಿಗೆ ಏನೋ ಕಳೆದುಹೋಗಿದೆ ಎನಿಸಿತ್ತು. ಪ್ರಸಾರಕರು ಧ್ವನಿಮುದ್ರಿಸಿಟ್ಟ ಜನಘೋಷವನ್ನು ಬೆರೆಸಿ ಕೇಳಿಸಬೇಕಾಯಿತು. ಪ್ರೇಕ್ಷಕರಿಲ್ಲದ ಆ ತಿಂಗಳುಗಳಲ್ಲಿ ಹಲವು ಲೀಗ್‌ಗಳಲ್ಲಿ ತವರು ತಂಡಗಳಿಗಿದ್ದ ಅನುಕೂಲವೂ ಕುಗ್ಗಿತು. ಟಿಕೆಟ್ ಕೊಂಡು ಬಂದವನು ಗ್ರಾಹಕನಾಗಿರುವಂತೆಯೇ, ಪಂದ್ಯವನ್ನು ಪಂದ್ಯವಾಗಿಸುವ ಕೆಲಸದಲ್ಲಿ ಕೂಲಿಯಿಲ್ಲದ ಪಾಲುಗಾರನೂ ಆಗಿದ್ದಾನೆ. ಹಾಗಾಗಿ ಆಸನ ಮಾರಾಟವಾಯಿತೇ ಎಂದು ಕೇಳುವುದರ ಜೊತೆಗೆ ಅದರಲ್ಲಿ ಯಾರು ಕುಳಿತಿದ್ದಾರೆ ಎಂದೂ ಕೇಳಬೇಕಾಗುತ್ತದೆ.

ಈ ಎರಡನೆಯ ಪ್ರಶ್ನೆಗೆ ಇಂಗ್ಲೆಂಡಿನಲ್ಲಿ ನೋವಿನ ಇತಿಹಾಸವಿದೆ. 1989ರ ಏಪ್ರಿಲ್ 15ರಂದು ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ನಡೆದ ನೂಕುನುಗ್ಗಲಿನ ದುರಂತ 97 ಜನರ ಪ್ರಾಣ ತೆಗೆದುಕೊಂಡಿತು. ತನಿಖೆ ನಡೆಸಿದ ನ್ಯಾಯಮೂರ್ತಿ ಟೇಲರ್ ಅವರು, ಪೊಲೀಸರು ಜನರ ನಿಯಂತ್ರಣದಲ್ಲಿ ವಿಫಲರಾದದ್ದೇ ಮುಖ್ಯ ಕಾರಣವೆಂದು ಗುರುತಿಸಿದರು. 1990ರ ಅಂತಿಮ ವರದಿಯಲ್ಲಿ, ನಿಂತು ನೋಡುವ ಗ್ಯಾಲರಿಗಳ ಬದಲು ಎಲ್ಲರಿಗೂ ಆಸನವಿರಬೇಕೆಂದು ಶಿಫಾರಸು ಮಾಡಿದರು. 1994ರ ವೇಳೆಗೆ ಇಂಗ್ಲೆಂಡಿನ ಫುಟ್‌ಬಾಲ್‌ನ ಅಗ್ರ ಎರಡು ವಿಭಾಗಗಳಲ್ಲಿ ಅದು ಜಾರಿಗೂ ಬಂದಿತು. ಅದೇ ವರದಿಯಲ್ಲಿದ್ದ ಇನ್ನೊಂದು ಮಾತು ಮಾತ್ರ ಮರೆತುಹೋಯಿತು. ಈವರೆಗೆ ನಿಂತು ನೋಡುತ್ತಿದ್ದವರ ಜೇಬಿಗೆ ಎಟುಕುವಂತೆಯೇ ಅಗ್ಗದ ಆಸನಗಳ ದರ ಇಡಲು ಸಾಧ್ಯ ಎಂದಿದ್ದ ಟೇಲರ್, ಗ್ಲಾಸ್ಗೋ ನಗರದ ಐಬ್ರಾಕ್ಸ್ ಕ್ರೀಡಾಂಗಣದಲ್ಲಿ ನಿಲ್ಲಲು 4 ಪೌಂಡ್, ಕುಳಿತುಕೊಳ್ಳಲು 6 ಪೌಂಡ್ ಇದ್ದುದನ್ನು ಉದಾಹರಿಸಿದ್ದರು. ವರದಿಯ ಒಂದು ಭಾಗವನ್ನು ಕಾನೂನಾಗಿ ಪಾಲಿಸಿದವರು ಇನ್ನೊಂದು ಭಾಗವನ್ನು ಕೈಬಿಟ್ಟರು. 1992ರಲ್ಲಿ ಪ್ರೀಮಿಯರ್ ಲೀಗ್ ಬಂದ ಮೇಲೆ ದರಗಳು ಸಾಮಾನ್ಯ ಹಣದುಬ್ಬರವನ್ನು ಬಹಳ ಹಿಂದೆ ಬಿಟ್ಟು ಓಡಿದವು. ಆಸನಗಳು ತುಂಬಿದವು ನಿಜ. ಆದರೆ ಶಾಲೆ ಬಿಟ್ಟು ಕೆಲಸಕ್ಕೆ ಸೇರಿದ ಹುಡುಗನೊಬ್ಬ ಗೆಳೆಯರೊಡನೆ ವಾರವಾರ ಬಂದು ನಿಲ್ಲುತ್ತಿದ್ದ ಜಾಗಕ್ಕೆ, ವರ್ಷಕ್ಕೊಮ್ಮೆ ಬರಲು ಶಕ್ತರಾದವರು ಬಂದು ಕುಳಿತರು.

ತಮ್ಮ ವಾದದಲ್ಲಿ ನನಗೆ ಕಾಣುವ ಮುಖ್ಯ ದೋಷ ಇಲ್ಲಿಯೇ ಇದೆ. ಪಂದ್ಯಕ್ಕೆ ಹೋಗುವುದು ರೂಢಿಯಿಂದ ಬರುವಂಥದ್ದು. ಎಂಟು ಹತ್ತು ವರ್ಷದ ವಯಸ್ಸಿನಲ್ಲಿ ಅಪ್ಪನ ಜೊತೆಗೋ ಅಕ್ಕನ ಜೊತೆಗೋ ಹೋಗಿ ಹಿಡಿದ ಹುಚ್ಚು ಅದು. ಆ ವಯಸ್ಸಿನಲ್ಲಿ ಒಳಗೆ ಬಾರದವನು ನಲವತ್ತರಲ್ಲಿ ಹಣವಂತನಾದರೂ ಬರುತ್ತಾನೆಂಬ ಭರವಸೆಯಿಲ್ಲ. ಇಂದು ಹೊರಗುಳಿದ ಮಗುವಿನ ಲೆಕ್ಕ ಈ ವರ್ಷದ ಜಮಾಖರ್ಚಿನಲ್ಲಿ ಕಾಣಿಸುವುದಿಲ್ಲ. ಕಾಣಿಸುವ ಹೊತ್ತಿಗೆ ದರ ಇಳಿಸಿ ಪ್ರಯೋಜನವಿಲ್ಲ. 2024ರ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ ಋತುವಿನ ನಡುವೆಯೇ ಸದಸ್ಯರಿಗೆ ಉಳಿದಿದ್ದ ಟಿಕೆಟ್‌ಗಳನ್ನು 66 ಪೌಂಡ್‌ಗೆ ಏರಿಸಿ, ಮಕ್ಕಳಿಗೂ ಹಿರಿಯರಿಗೂ ಇದ್ದ ರಿಯಾಯಿತಿಯನ್ನು ತೆಗೆದುಹಾಕಿದಾಗ, ದರಕ್ಕಿಂತ ಹೆಚ್ಚಾಗಿ ರಿಯಾಯಿತಿ ಹೋದದ್ದೇ ನನ್ನನ್ನು ಕಳವಳಕ್ಕೀಡುಮಾಡಿತು.

ಅಭಿಮಾನಿಗಳ ಅಸಮಾಧಾನದಿಂದ ಲೆಕ್ಕ ಬದಲಾಗುವುದಿಲ್ಲ ಎಂಬ ತಮ್ಮ ಮಾತನ್ನೂ ಘಟನೆಗಳು ಸಮರ್ಥಿಸುವುದಿಲ್ಲ. 2016ರ ಫೆಬ್ರವರಿ 6ರಂದು ತನ್ನ ತವರು ಕ್ರೀಡಾಂಗಣ ಆನ್‌ಫೀಲ್ಡ್‌ನಲ್ಲಿ ಲಿವರ್‌ಪೂಲ್ ತಂಡ ಸಂಡರ್ಲೆಂಡ್ ವಿರುದ್ಧ 2–0ರಿಂದ ಮುಂದಿದ್ದಾಗ, 77ನೆಯ ನಿಮಿಷಕ್ಕೆ ಸರಿಯಾಗಿ ಸುಮಾರು 10,000 ಜನ ಎದ್ದು ಹೊರನಡೆದರು. ಮುಂದಿನ ಋತುವಿಗೆ ಕ್ಲಬ್ ಪ್ರಕಟಿಸಿದ್ದ ಗರಿಷ್ಠ ದರ 77 ಪೌಂಡ್ ಆಗಿದ್ದರಿಂದ ಆ ನಿಮಿಷವನ್ನು ಆರಿಸಿಕೊಂಡಿದ್ದರು. ಪಂದ್ಯ 2–2ರಲ್ಲಿ ಮುಗಿಯಿತು. ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೋರಿ ಏರಿಕೆಯನ್ನು ಹಿಂತೆಗೆದುಕೊಂಡರು. ಅದೇ ವರ್ಷ ಪ್ರೀಮಿಯರ್ ಲೀಗ್ ಕ್ಲಬ್‌ಗಳು ಎದುರಾಳಿ ತಂಡದ ಜೊತೆ ಬರುವ ಅಭಿಮಾನಿಗಳಿಗೆ 30 ಪೌಂಡ್‌ನ ಮಿತಿ ಹಾಕಲು ಒಪ್ಪಿದವು. ಆ ಹೊತ್ತಿಗೆ ದೇಶದೊಳಗಿನ ಪ್ರಸಾರ ಹಕ್ಕುಗಳೇ ಮೂರು ಋತುಗಳಿಗೆ 500 ಕೋಟಿ ಪೌಂಡ್‌ಗೂ ಹೆಚ್ಚು ತರುವುದು ಖಚಿತವಾಗಿತ್ತು. ಅಷ್ಟು ಹಣದ ಮುಂದೆ ಟಿಕೆಟ್ ಮೇಲಿನ ಹತ್ತಿಪ್ಪತ್ತು ಪೌಂಡ್ ಕ್ಲಬ್‌ಗೆ ಎಷ್ಟರದು, ಕೊಳ್ಳುವವನಿಗೆ ಎಷ್ಟರದು ಎಂಬುದನ್ನು ತಾವೇ ತೂಗಿ ನೋಡಬಹುದು.

ಜರ್ಮನಿಯ ಬಯರ್ನ್ ಮ್ಯೂನಿಕ್ ಕ್ಲಬ್‌ನ ಅಧ್ಯಕ್ಷರಾಗಿದ್ದ ಉಲಿ ಹೋನೆಸ್ ಇದೇ ತೂಕವನ್ನು ಬಹಿರಂಗವಾಗಿ ಮಾಡಿ ತೋರಿಸಿದ್ದರು. ನಿಂತು ನೋಡುವ ಅಗ್ಗದ ಸೀಸನ್ ಟಿಕೆಟ್‌ನ (ಇಡೀ ಋತುವಿನ ತವರು ಪಂದ್ಯಗಳಿಗೆ ಒಂದೇ ಟಿಕೆಟ್) ಬೆಲೆಯನ್ನು ಮೂರು ಪಟ್ಟು ಮಾಡಿದರೆ ಬರುವ ಹಣದ ಬಗ್ಗೆ, ಆಟಗಾರನೊಬ್ಬನ ವರ್ಗಾವಣೆಯ ಮಾತುಕತೆಯಲ್ಲಿ ಐದು ನಿಮಿಷ ಚೌಕಾಶಿ ಮಾಡುತ್ತೇವೆ, ಅಭಿಮಾನಿಗೆ ಮಾತ್ರ ಆ ವ್ಯತ್ಯಾಸ ಬಹಳ ದೊಡ್ಡದು ಎಂಬುದು ಅವರ ಮಾತಿನ ಸಾರ. ಜರ್ಮನಿಯಲ್ಲಿ ಕ್ಲಬ್‌ನ ಮತಾಧಿಕಾರದ ಬಹುಪಾಲು ಸದಸ್ಯರ ಬಳಿ ಇರಬೇಕೆಂಬ ನಿಯಮವಿರುವುದೂ ಇಂಥ ಯೋಚನೆಗೆ ಬಲ ಕೊಟ್ಟಿದೆ. 81,365 ಜನ ಹಿಡಿಯುವ ಡಾರ್ಟ್‌ಮುಂಡ್ ಕ್ರೀಡಾಂಗಣದ ದಕ್ಷಿಣದ ಗ್ಯಾಲರಿಯಲ್ಲಿ ಸುಮಾರು 25,000 ಜನ ನಿಂತೇ ನೋಡುತ್ತಾರೆ. ತಂಡದ ಹಳದಿ ಬಣ್ಣ ತೊಟ್ಟು ನಿಂತ ಆ ‘ಹಳದಿ ಗೋಡೆ’ಯ ಚಿತ್ರವನ್ನೇ ಕ್ಲಬ್ ಜಗತ್ತಿಗೆಲ್ಲ ಮಾರುತ್ತದೆ. ಇದರಲ್ಲೂ ತೊಡಕಿಲ್ಲವೆಂದಲ್ಲ. ದರ ಕಡಿಮೆಯಿದ್ದಲ್ಲಿ ಸರದಿ ಉದ್ದವಾಗುತ್ತದೆ, ಸೀಸನ್ ಟಿಕೆಟ್ ಇದ್ದವರು ಅದನ್ನು ಬಿಡುವುದಿಲ್ಲ, ಹೊಸಬರಿಗೆ ಬಾಗಿಲು ತೆರೆಯುವುದು ಅಪರೂಪ. ಹಣದಿಂದ ಹೊರಗುಳಿಯುವುದಕ್ಕಿಂತ ಕಾದು ಒಳಬರುವುದು ಮೇಲೆಂಬುದು ನನ್ನ ಅಭಿಪ್ರಾಯ.

ಸಣ್ಣ ಕ್ಲಬ್‌ಗಳ ಸ್ಥಿತಿ ಬೇರೆ. ಗ್ಯಾಲರಿ ಅರ್ಧ ಖಾಲಿಯಿರುವಲ್ಲಿ ಇನ್ನೊಬ್ಬನನ್ನು ಒಳಬಿಡಲು ಕ್ಲಬ್‌ಗೆ ತಗಲುವ ವೆಚ್ಚ ಬಹುತೇಕ ಇಲ್ಲವೇ ಇಲ್ಲ. ಇಂಗ್ಲೆಂಡಿನ ಮೂರನೆಯ ವಿಭಾಗದಲ್ಲಿದ್ದ ಬ್ರಾಡ್‌ಫರ್ಡ್ ಸಿಟಿ 2015ರಲ್ಲಿ ಇಡೀ ಋತುವಿಗೆ 149 ಪೌಂಡ್ ಎಂದು ಸಾರಿ ಆ ವಿಭಾಗದಲ್ಲಿ ಅಪರೂಪವಾದಷ್ಟು ಜನರನ್ನು ಸೇರಿಸಿತು. ಜರ್ಮನಿಯ ಫಾರ್ಚುನಾ ಡುಸೆಲ್‌ಡಾರ್ಫ್ ಇನ್ನೂ ಮುಂದೆ ಹೋಗಿ, ಪ್ರಾಯೋಜಕರ ಬೆಂಬಲದಿಂದ 2023ರಲ್ಲಿ ಕೆಲವು ತವರು ಪಂದ್ಯಗಳಿಗೆ ಉಚಿತ ಪ್ರವೇಶ ಆರಂಭಿಸಿತು. ಉಚಿತದ ಬಗ್ಗೆ ನನಗೆ ಪೂರ್ತಿ ನಂಬಿಕೆಯಿಲ್ಲ. ಹಣ ಕೊಡದೆ ಪಡೆದ ಟಿಕೆಟ್ ಮಳೆ ಬಂದ ದಿನ ಮನೆಯಲ್ಲೇ ಉಳಿಯುತ್ತದೆ.

ಬೇಡಿಕೆಗೆ ತಕ್ಕಂತೆ ಗಂಟೆಗಂಟೆಗೂ ದರ ಬದಲಾಗುವ ಪದ್ಧತಿಯೇ ನ್ಯಾಯವಾದುದೆಂದು ತಾವು ಬರೆದಿದ್ದೀರಿ. ಅದನ್ನು ನಾನು ಒಪ್ಪಲಾರೆ. 2025ರ ಕ್ಲಬ್ ವಿಶ್ವಕಪ್‌ನಲ್ಲಿ ಚೆಲ್ಸಿ ಮತ್ತು ಫ್ಲುಮಿನೆನ್ಸೆ ನಡುವಿನ ಸೆಮಿಫೈನಲ್‌ಗೆ 473.90 ಡಾಲರ್ ಇದ್ದ ಟಿಕೆಟ್ ಪಂದ್ಯದ ಮುನ್ನ 13.40 ಡಾಲರ್‌ಗೆ ಇಳಿಯಿತು. ಇಲ್ಲಿ ದಂಡ ತೆತ್ತವನು ಯಾರು? ಮೊದಲೇ ನಿರ್ಧರಿಸಿ, ರಜೆ ಹಾಕಿ, ಪ್ರಯಾಣದ ಏರ್ಪಾಡು ಮಾಡಿಕೊಂಡ ನಿಷ್ಠಾವಂತ. ಕೊನೆಯ ಗಳಿಗೆಯವರೆಗೆ ಅನುಮಾನಿಸಿದವನಿಗೆ ಬಹುಮಾನ ಸಿಕ್ಕಿತು. ನಿಷ್ಠೆಯನ್ನೇ ನೆಚ್ಚಿಕೊಂಡ ಆಟಕ್ಕೆ ಈ ಪದ್ಧತಿ ಹೊಂದುವುದಿಲ್ಲ.

ಇನ್ನು ತಾವು ಕೇಳಿದ ಅಳತೆಗೋಲು. ಕ್ಲಬ್‌ನ ಅತ್ಯಂತ ಅಗ್ಗದ ಟಿಕೆಟ್ ಎಷ್ಟು, ಆ ದರದಲ್ಲಿ ನಿಜವಾಗಿ ಎಷ್ಟು ಆಸನಗಳಿವೆ, ಅವು ಕಂಬದ ಹಿಂದಿನವೋ ಆಟ ಕಾಣುವಂಥವೋ, ಹದಿನೆಂಟು ದಾಟದವರು ಎಷ್ಟು ಮಂದಿ ಒಳಗಿದ್ದಾರೆ ಎಂಬುದನ್ನು ನಾನು ನೋಡುತ್ತೇನೆ. ಇದರ ಜೊತೆಗೆ, ತಾವು ಆಧಾರವಾಗಿ ಕೊಟ್ಟ ಹಾಜರಾತಿಯ ಅಂಕಿಗಳನ್ನೂ ಎಚ್ಚರದಿಂದ ಓದಬೇಕಾಗಿದೆ. ಇಂಗ್ಲೆಂಡಿನ ದೊಡ್ಡ ಕ್ಲಬ್‌ಗಳು ಸಾಮಾನ್ಯವಾಗಿ ಪ್ರಕಟಿಸುವುದು ಮಾರಾಟವಾದ ಟಿಕೆಟ್‌ಗಳ ಸಂಖ್ಯೆಯನ್ನು. ಸೀಸನ್ ಟಿಕೆಟ್ ಇದ್ದೂ ಅಂದು ಬಾರದವನು ಅದರಲ್ಲಿ ಹಾಜರಿರುತ್ತಾನೆ. ನಮ್ಮ ಪತ್ರಿಕೆಯೂ ಇಷ್ಟು ದಿನ ಆ ಅಂಕಿಗಳನ್ನೇ ಪ್ರೇಕ್ಷಕರ ಸಂಖ್ಯೆ ಎಂದು ಅಚ್ಚು ಹಾಕಿದೆ. ಮುಂದಿನ ಸಂಚಿಕೆಯಿಂದ, ಗೇಟ್ ದಾಟಿ ಒಳಬಂದವರ ಎಣಿಕೆ ದೊರೆತ ಕಡೆ ಎರಡನ್ನೂ ಪ್ರತ್ಯೇಕವಾಗಿ ಕೊಡುತ್ತೇವೆ, ದೊರೆಯದ ಕಡೆ ‘ಮಾರಾಟವಾದ ಟಿಕೆಟ್’ ಎಂದೇ ಬರೆಯುತ್ತೇವೆ.

— ಸಂಪಾದಕ