ಎರಡು ವರ್ಷಕ್ಕೆ ಬೇರೆ ದೇಶಕ್ಕೆ ಹೊರಟಿದ್ದೇನೆ. ಎರಡು ಸೂಟ್‌ಕೇಸ್‌ನಲ್ಲಿ ಏನು ತುಂಬಲಿ, ಏನು ಬಿಡಲಿ?

23 ಕೆ.ಜಿ.ಯ ಎರಡು ಸೂಟ್‌ಕೇಸ್‌ನಲ್ಲಿ ಎರಡು ವರ್ಷಕ್ಕೆ ಬೇಕಾದ್ದೆಲ್ಲ ಹಿಡಿಸುವುದು ಹೇಗೆ ಎಂದು ಕೇಳಿದ್ದೀರಿ. ಎಲ್ಲ ಹಿಡಿಸೋಕೆ ಹೋಗಬೇಡಿ. ಮೊದಲ ಎರಡು ವಾರಕ್ಕೆ ಏನು ಬೇಕು, ಅಲ್ಲಿ ದುಡ್ಡು ಕೊಟ್ಟರೂ ಏನು ಸಿಗುವುದಿಲ್ಲ, ಇವೆರಡನ್ನೇ ಯೋಚಿಸಿ.

ದುಡ್ಡು ಕೊಟ್ಟರೂ ಸಿಗದೇ ಇರುವುದರಲ್ಲಿ ಮೊದಲನೆಯದು ಕಾಗದಪತ್ರ. ಜನನ ಪ್ರಮಾಣಪತ್ರ, ಡಿಗ್ರಿ, ಅಂಕಪಟ್ಟಿ, ಮದುವೆ ಆಗಿದ್ದರೆ ಅದರ ಪತ್ರ, ಲಸಿಕೆಯ ದಾಖಲೆ. ಎಲ್ಲದರ ಮೂಲಪ್ರತಿ ಕೈಚೀಲದಲ್ಲೇ ಇರಲಿ. ನಾನು ಇವನ್ನು ದೊಡ್ಡ ಸೂಟ್‌ಕೇಸ್‌ನ ತಳದಲ್ಲಿ, ಬಟ್ಟೆಗಳ ಮಧ್ಯೆ ಭದ್ರವಾಗಿ ಇಟ್ಟಿದ್ದೆ. ಇಳಿದ ಮೇಲೆ ಬೆಲ್ಟ್ ಮೇಲೆ ಒಂದೊಂದೇ ಪೆಟ್ಟಿಗೆ ಬಂದು ಹೋಯಿತು, ಜನ ಕರಗಿದರು, ಕೊನೆಗೆ ಬೆಲ್ಟೂ ನಿಂತಿತು. ನನ್ನದು ಬರಲೇ ಇಲ್ಲ. ಐದು ದಿನ ಆದ ಮೇಲೆ ಸಿಕ್ಕಿತು. ಆ ಐದು ದಿನ ಬಾಡಿಗೆ ಮನೆಗೆ ಸಹಿ ಹಾಕಲು ಆಗಲಿಲ್ಲ, ಬ್ಯಾಂಕ್ ಖಾತೆಯೂ ಆಗಲಿಲ್ಲ. ಬಟ್ಟೆ ಇಲ್ಲದ್ದು ಒಂದು ದಿನಕ್ಕೂ ಕಷ್ಟ ಅನ್ನಿಸಲಿಲ್ಲ, ಕಾಗದ ಇಲ್ಲದ್ದು ದಿನಾ ಕಾಡಿತು.

ಇನ್ನೊಂದು ವಿಷಯ. ಎಷ್ಟೋ ದೇಶಗಳಲ್ಲಿ ಪ್ರಮಾಣಪತ್ರದ ಮೇಲೆ ಅಪಾಸ್ಟಿಲ್ ಮುದ್ರೆ, ಅಂದರೆ ಪತ್ರದ ಸಹಿ, ಮೊಹರು ಅಸಲಿ ಎನ್ನುವ ಸರ್ಕಾರಿ ದೃಢೀಕರಣ, ಕೇಳುತ್ತಾರೆ. 1961ರ ಹೇಗ್ ಒಪ್ಪಂದದಿಂದ ಬಂದ ಪದ್ಧತಿ ಇದು. ಪತ್ರ ಯಾವ ದೇಶದ್ದೋ ಅಲ್ಲಿಯೇ ಹಾಕಿಸಬೇಕು. ಹೋದ ಮೇಲೆ ದೂರದಿಂದ ಮಾಡಿಸುವುದು ತುಂಬಾ ತಲೆನೋವು. ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಕೂಡ ಹೊರಡುವ ಮೊದಲೇ ಮಾಡಿಸಿಕೊಳ್ಳಿ. ಮೂಲ ಲೈಸೆನ್ಸ್ ಜೊತೆಗಿದ್ದರೆ ಮಾತ್ರ ಅದಕ್ಕೆ ಬೆಲೆ, ಮರೆಯಬೇಡಿ.

ದಿನಾ ಮಾತ್ರೆ ತೆಗೆದುಕೊಳ್ಳುವವರಾದರೆ ಇದನ್ನು ಗಮನವಿಟ್ಟು ಓದಿ. ಬ್ರ್ಯಾಂಡ್ ಹೆಸರು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಹಾಗಾಗಿ ಡಾಕ್ಟರ ಚೀಟಿಯಲ್ಲಿ ಮದ್ದಿನ ಜೆನೆರಿಕ್ ಹೆಸರು (ಒಳಗಿರುವ ಔಷಧದ ಹೆಸರು), ಪ್ರಮಾಣ ಎರಡೂ ಇರಬೇಕು. ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ಹಾಕಬೇಡಿ. ಒಂದು ಕಡೆ ಮಾಮೂಲಿ ಅನ್ನಿಸುವ ಮದ್ದು ಇನ್ನೊಂದು ಕಡೆ ನಿಷೇಧ ಇರಬಹುದು. ಜಪಾನ್‌ಗೆ ಸ್ಯೂಡೋಎಫಿಡ್ರಿನ್ ಎಂಬ ಅಂಶ 10%ಗಿಂತ ಜಾಸ್ತಿ ಇರುವ ಶೀತದ ಔಷಧಿಯನ್ನು ಒಯ್ಯುವ ಹಾಗಿಲ್ಲ. ನೀವು ಯಾವ ದೇಶ ಎಂದು ಬರೆದಿಲ್ಲ, ಅಲ್ಲಿನ ನಿಯಮವನ್ನು ಸರ್ಕಾರಿ ವೆಬ್‌ಸೈಟ್‌ನಲ್ಲೇ ನೋಡಿ. ಕನ್ನಡಕ ಹಾಕುವವರಾದರೆ ಎರಡು ಜೊತೆ ಇರಲಿ.

ಕರೆಂಟಿನ ಸಾಮಾನಿನ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ಚಾರ್ಜರ್ ತಿರುಗಿಸಿ, ಸಣ್ಣ ಅಕ್ಷರದಲ್ಲಿ 100-240 ವೋಲ್ಟ್ ಎಂದಿದ್ದರೆ ಎಲ್ಲಿ ಬೇಕಾದರೂ ನಡೆಯುತ್ತದೆ. ಅಡಾಪ್ಟರ್ ಪಿನ್ನಿನ ಆಕಾರವನ್ನಷ್ಟೇ ಹೊಂದಿಸುತ್ತದೆ, ವೋಲ್ಟೇಜನ್ನು ಬದಲಿಸುವುದಿಲ್ಲ. ಅಮೆರಿಕದಲ್ಲಿ 120, ಯುರೋಪಿನಲ್ಲಿ 230. ಒಂದೇ ವೋಲ್ಟೇಜಿನ ಇಸ್ತ್ರಿಪೆಟ್ಟಿಗೆ, ಹೇರ್ ಡ್ರೈಯರ್ ಸುಮ್ನೆ ಬಿಟ್ಟು ಹೋಗಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್ (Wh, ಅದು ಹಿಡಿಯುವ ವಿದ್ಯುತ್ತಿನ ಅಳತೆ) ಒಳಗಿದ್ದರೆ ಸಾಮಾನ್ಯವಾಗಿ ಬಿಡುತ್ತಾರೆ.

ಬಟ್ಟೆ ಹತ್ತು ದಿನಕ್ಕೆ ಸಾಕು. ದಪ್ಪ ಚಳಿಕೋಟು ಅಲ್ಲೇ ಕೊಳ್ಳಿ, ಆ ಊರಿನ ಚಳಿಗೆ ತಕ್ಕದ್ದು ಅಲ್ಲೇ ಸಿಗುತ್ತದೆ. ಖಾಲಿ ಸೂಟ್‌ಕೇಸ್‌ನ ತೂಕವೇ ನಾಲ್ಕು ಕೆ.ಜಿ. ಇರಬಹುದು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ತೂಗುವ ಪುಟ್ಟ ಮಾಪಕ ಇಟ್ಟುಕೊಂಡು 22ಕ್ಕೇ ನಿಲ್ಲಿಸಿ.

ಆ ಉಳಿದ ಒಂದು ಕೆ.ಜಿ.ಯಲ್ಲಿ ನಿಮ್ಮ ಹಾಸಿಗೆಯ ಮೇಲಿನ ಹಳೆಯ ಹೊದಿಕೆ ಇಡಿ. ನಾನು ಅದೊಂದನ್ನು ಕೈಚೀಲಕ್ಕೆ ತುರುಕಿದ್ದೆ. ಪೆಟ್ಟಿಗೆ ಬಾರದ ಆ ರಾತ್ರಿ, ಗುರುತಿಲ್ಲದ ಕೋಣೆಯಲ್ಲಿ, ಅದನ್ನು ಮುಖದ ತನಕ ಎಳೆದುಕೊಂಡ ಮೇಲೆಯೇ ನನಗೆ ನಿದ್ದೆ ಬಂದದ್ದು.